ತೀರ್ಥಹಳ್ಳಿ ಕಡೆ ಇದ್ದೇವೆ. 4 ಜಿಬಿ ರ‍್ಯಾಮ್‌ನ ಹಳೆ ಲ್ಯಾಪ್‌ಟಾಪನ್ನು ವಿಂಡೋಸ್ 10ರಿಂದ ಲಿನಕ್ಸ್‌ಗೆ ಬದಲಿಸೋದು ಹೇಗೆ?

ಲಿನಕ್ಸ್‌ನ ಒಂದು ರೂಪವಾದ ಲಿನಕ್ಸ್ ಮಿಂಟ್‌ನ ಹಗುರವಾದ ಎಕ್ಸ್‌ಎಫ್‌ಸಿಇ ಆವೃತ್ತಿ ಹಾಕಿ, 4 ಜಿಬಿಗೆ ಸಾಕಾಗುತ್ತೆ. ಮೊದಲು ಫೋಟೊ, ದಾಖಲೆಗಳನ್ನು ಬೇರೆ ಡಿಸ್ಕ್‌ಗೆ ಕಾಪಿ ಮಾಡಿಕೊಳ್ಳಿ. ವಿಂಡೋಸ್‌ನಲ್ಲೇ ರೂಫಸ್ ಎಂಬ ತಂತ್ರಾಂಶ ಬಳಸಿ 8 ಜಿಬಿ ಪೆನ್‌ಡ್ರೈವ್‌ಗೆ ಮಿಂಟ್‌ನ ಐಎಸ್‌ಒ (ಇನ್‌ಸ್ಟಾಲ್ ಮಾಡುವ ಫೈಲ್) ಬರೆಯಿರಿ, ಅದರಲ್ಲಿದ್ದದ್ದೆಲ್ಲ ಅಳಿಯುತ್ತೆ. ಲ್ಯಾಪ್‌ಟಾಪ್ ಆನ್ ಮಾಡುತ್ತಲೇ ಸಾಮಾನ್ಯವಾಗಿ ಎಫ್12 (ಎಚ್‌ಪಿ ಆದರೆ ಎಫ್9) ಒತ್ತಿ ಪೆನ್‌ಡ್ರೈವ್ ಆರಿಸಿ.

ಕೂಡಲೇ ಇನ್‌ಸ್ಟಾಲ್ ಬೇಡ. ಪೆನ್‌ಡ್ರೈವ್‌ನಿಂದಲೇ ನಡೆಸಿ ವೈಫೈ, ಸೌಂಡ್ ಪರೀಕ್ಷಿಸಿ. ಬ್ರಾಡ್‌ಕಾಮ್ ಕಂಪನಿಯ ವೈಫೈ ಚಿಪ್ ಇದ್ದರೆ ವೈಫೈ ಕಾಣಿಸದಿರಬಹುದು. ಇನ್‌ಸ್ಟಾಲ್ ಆದಮೇಲೆ ಮೊಬೈಲ್‌ನಿಂದ ಯುಎಸ್‌ಬಿ ಟೆದರಿಂಗ್ (ಕೇಬಲ್ ಮೂಲಕ ಇಂಟರ್ನೆಟ್) ಕೊಟ್ಟು ಮಿಂಟ್‌ನ ಡ್ರೈವರ್ ಮ್ಯಾನೇಜರ್‌ನಲ್ಲಿ ವೈಫೈ ಡ್ರೈವರ್ ಹಾಕಿಕೊಳ್ಳಿ.

ಮಳೆಗಾಲದಲ್ಲಿ ನಮ್ಮ ಕಡೆ ಕರೆಂಟ್ ನಂಬುವ ಹಾಗಿಲ್ಲ. ಬ್ಯಾಟರಿ ಸತ್ತಿದ್ದರೆ ಯುಪಿಎಸ್ ಇಲ್ಲದೆ ಶುರು ಮಾಡಲೇಬೇಡಿ: ಪಾರ್ಟಿಷನ್ (ಡಿಸ್ಕ್‌ನ ಭಾಗಗಳು) ಬರೆಯುವಾಗ ಕರೆಂಟ್ ಹೋದರೆ ವಿಂಡೋಸೂ ಇಲ್ಲ, ಲಿನಕ್ಸೂ ಇಲ್ಲ, ಮತ್ತೆ ಪೆನ್‌ಡ್ರೈವ್‌ನಿಂದ ಮೊದಲಿಂದ ಮಾಡಬೇಕು.