ಮಂಗನ ಕಾಯಿಲೆಗೆ ಹೊಸ ಲಸಿಕೆ ಬರಲು ಇಷ್ಟು ತಡ ಏಕೆ?

ಹಳೆಯ ಲಸಿಕೆಯೊಂದಿತ್ತು. ಕೋಳಿ ಭ್ರೂಣದ ಜೀವಕೋಶಗಳಲ್ಲಿ ವೈರಸ್ ಬೆಳೆಸಿ, ಫಾರ್ಮಲಿನ್ ಎಂಬ ರಾಸಾಯನಿಕದಿಂದ ನಿಷ್ಕ್ರಿಯಗೊಳಿಸಿ, ಬೆಂಗಳೂರಿನ ಹೆಬ್ಬಾಳದಲ್ಲೇ ತಯಾರಿಸುತ್ತಿದ್ದರು. ತಿಂಗಳ ಅಂತರದಲ್ಲಿ ಎರಡು ಡೋಸ್, ಆಮೇಲೆ ಬೂಸ್ಟರ್ ಮೇಲೆ ಬೂಸ್ಟರ್. ಚುಚ್ಚಿದ ಜಾಗ ವಿಪರೀತ ನೋಯುವುದರಿಂದ ಎಷ್ಟೋ ಜನ ಮತ್ತೆ ಬರುತ್ತಲೇ ಇರಲಿಲ್ಲ. ಬೂಸ್ಟರ್ ಪಡೆದವರಿಗೂ ಪೂರ್ಣ ರಕ್ಷಣೆ ಸಿಗುತ್ತಿರಲಿಲ್ಲ. ಕೊನೆಗೆ ಅದನ್ನು ನಿಲ್ಲಿಸಲಾಯಿತು.

ಹೊಸದಕ್ಕೆ ಅತಿ ಬಿಗಿ ಜೈವಿಕ ಸುರಕ್ಷತೆಯ ಲ್ಯಾಬ್ ಬೇಕು, ಪ್ರಾಣಿಗಳ ಮೇಲೆ, ನಂತರ ಮನುಷ್ಯರ ಮೇಲೆ ಹಂತ ಹಂತದ ಪರೀಕ್ಷೆ ಆಗಬೇಕು. ನನ್ನ ಪ್ರಕಾರ ದೊಡ್ಡ ಅಡ್ಡಿ ಮಾರುಕಟ್ಟೆಯೇ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬದ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಈ ಕಾಯಿಲೆ ಹೆಚ್ಚಾಗಿ ಕಾಡುವುದು ಪಶ್ಚಿಮ ಘಟ್ಟದ ಕಾಡಂಚಿನ ಬಡವರನ್ನು; ಲಾಭ ನೋಡುವ ಕಂಪನಿ ತಾನಾಗಿ ಮುಂದೆ ಬರುವುದಿಲ್ಲ. ಸರ್ಕಾರವೇ ಕೈಹಾಕಬೇಕು. ಕೇಂದ್ರ ಸರ್ಕಾರದ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್ ಜೊತೆ ಹೈದರಾಬಾದಿನ ಲಸಿಕೆ ಕಂಪನಿ ಇಂಡಿಯನ್ ಇಮ್ಯುನಾಲಜಿಕಲ್ಸ್ ಹೊಸ ಲಸಿಕೆಯ ಕೆಲಸ ಕೈಗೆತ್ತಿಕೊಂಡದ್ದು ಹಾಗೆಯೇ.