ಅಡಿಕೆ ಮೇಲಿನ ಜಿಎಸ್‌ಟಿಯನ್ನು ನಮ್ಮ ಶಾಸಕರು ಸದನದಲ್ಲಿ ಮಾತಾಡಿ ತೆಗೆಸಬಹುದೇ?

ಆಗುವುದಿಲ್ಲ. ಒಣ ಅಡಿಕೆಗಿರುವ ಶೇ. 5 ದರ ಜಿಎಸ್‌ಟಿ ಮಂಡಳಿಯ (ಕೇಂದ್ರ ಮತ್ತು ರಾಜ್ಯಗಳ ಸಚಿವರ ಕೂಟ) ಶಿಫಾರಸಿನ ಮೇಲೆ ನಿಂತಿದೆ. ಅಲ್ಲಿ ರಾಜ್ಯಕ್ಕೆ ಇರುವುದು ಒಬ್ಬ ಸಚಿವರ ಪ್ರಾತಿನಿಧ್ಯ; ನಿರ್ಣಯಕ್ಕೆ ಮತಗಳ ಒಟ್ಟು ತೂಕದಲ್ಲಿ ಮುಕ್ಕಾಲು ಪಾಲು ಬೇಕು, ಆ ಒಟ್ಟು ತೂಕದಲ್ಲಿ ಮೂರನೇ ಒಂದು ಪಾಲು ಕೇಂದ್ರದ್ದೇ. ತೀರ್ಥಹಳ್ಳಿ, ಸಾಗರದ ಶಾಸಕರು ಮಾಡಬಹುದಾದದ್ದು ಆ ಸಚಿವರ ಮೇಲೆ ಒತ್ತಡ ಹಾಕುವುದು, ಅಷ್ಟೆ.

ಖರ್ಚಿನ ವಿಷಯದಲ್ಲಿ ಅವರ ಕೈ ಸ್ವಲ್ಪ ಉದ್ದ. ಎಲೆಚುಕ್ಕಿ ರೋಗದ ಔಷಧಿಗೆ ಹಣ ಸಾಲದು ಎಂದಿಟ್ಟುಕೊಳ್ಳಿ. ಸಂವಿಧಾನದ 203ನೇ ವಿಧಿಯಂತೆ ಇಲಾಖೆ ಖರ್ಚಿಗೆ ಕೇಳುವ ಹಣದ ಬೇಡಿಕೆಯನ್ನು ವಿಧಾನಸಭೆ ಒಪ್ಪಬಹುದು, ನಿರಾಕರಿಸಬಹುದು, ಕಡಿಮೆ ಮಾಡಬಹುದು, ಹೆಚ್ಚಿಸುವಂತಿಲ್ಲ. ಹಾಗಾಗಿ ಹೆಚ್ಚು ಹಣ ಬೇಕೆನ್ನುವ ಶಾಸಕರೂ ಕಡಿತದ ಸೂಚನೆಯನ್ನೇ ಕೊಡಬೇಕು! ಸಾಂಕೇತಿಕ ಮೊತ್ತ ಕಡಿತಗೊಳಿಸಿ ಎಂದು ಲಿಖಿತ ಸೂಚನೆ ಕೊಟ್ಟು, ಆ ನೆಪದಲ್ಲಿ ತೋಟಗಾರಿಕೆ ಸಚಿವರಿಂದ ಉತ್ತರ ಹೊರಡಿಸುತ್ತಾರೆ. ಸಚಿವರು ಭರವಸೆ ಕೊಟ್ಟರೆ ಅದು ಕಡತಕ್ಕೇರುತ್ತದೆ, ಸಚಿವರ ಮಾತು ಈಡೇರಿತೇ ಎಂದು ನೋಡುವ ಸದನದ ಭರವಸೆಗಳ ಸಮಿತಿ ಬೆನ್ನು ಹತ್ತಬಹುದು. ಹಣ ಬರುವುದಿದ್ದರೆ ಮುಂದೆ ಪೂರಕ ಅಂದಾಜಿನಲ್ಲಿ, ಅಂದರೆ ವರ್ಷದ ನಡುವೆ ಸರ್ಕಾರ ಸದನದಿಂದ ಕೇಳುವ ಹೆಚ್ಚುವರಿ ಹಣದಲ್ಲಿ.

ಎಡವಟ್ಟಾಗುವುದು ಸಮಯದಲ್ಲಿ. ಗದ್ದಲದಲ್ಲಿ ದಿನಗಳು ಕಳೆದರೆ ಉಳಿದ ಬೇಡಿಕೆಗಳೆಲ್ಲ ಚರ್ಚೆಯಿಲ್ಲದೆ ಒಟ್ಟಿಗೇ ಮತಕ್ಕೆ ಹೋಗುತ್ತವೆ. ಮನವಿ ಕೊಡುವವರು ಬಜೆಟ್ ಮಂಡನೆಗೆ ಮೊದಲೇ, ಲೆಕ್ಕಶೀರ್ಷಿಕೆ (ಬಜೆಟ್‌ನಲ್ಲಿ ಆ ಖರ್ಚು ಬರುವ ಬಾಬಿನ ಹೆಸರು, ಸಂಖ್ಯೆ) ಸಹಿತ ಕೊಡಿ.