ಇಂಗ್ಲೆಂಡಿನಲ್ಲಿರುವ ನನ್ನ ಅಣ್ಣ ಚಳಿಗಾಲದಲ್ಲೇ ಯಾಕೆ ಬೀಚಿನಲ್ಲಿ ಮೆಟಲ್ ಡಿಟೆಕ್ಟರ್ ಹಿಡಿದು ಹುಡುಕುತ್ತಾನೆ?

ಚಳಿಗಾಲದಲ್ಲಿ ಸಮುದ್ರವೇ ಮರಳನ್ನು ಅಗೆದು ಕೊಟ್ಟಿರುತ್ತದೆ, ಅದಕ್ಕೆ. ಇಂಗ್ಲೆಂಡಿನಲ್ಲಿರುವ ನಿಮ್ಮ ಅಣ್ಣ ಬೇಸಿಗೆ ಬಿಟ್ಟು ಜನವರಿಯ ಚಳಿಯಲ್ಲಿ ಬೀಚಿಗೆ ಹೋಗುವುದು ಹುಚ್ಚಲ್ಲ.

ನಮ್ಮ ಬೆಂಗಳೂರು ಮೆಟ್ರೋ ಸ್ಟೇಷನ್ನಿನಲ್ಲಿ ಮೈಮೇಲೆ ಆಡಿಸುತ್ತಾರಲ್ವಾ, ಅದೇ ತತ್ವದ ಯಂತ್ರ ಇದು. ಮರಳಿನಲ್ಲಿ ಒಂದು ನಾಣ್ಯ ಅದರ ಕಿವಿಗೆ ಬೀಳಬೇಕಾದರೆ ಸಾಮಾನ್ಯವಾಗಿ ಒಂದು ಗೇಣು ಆಳದೊಳಗೆ ಇರಬೇಕು. ಬೇಸಿಗೆಯ ಮೆಲ್ಲನೆಯ ಅಲೆಗಳು ಮರಳು ತಂದು ತಂದು ದಡಕ್ಕೆ ಸುರಿಯುತ್ತವೆ. ಯಾರೋ ಕಳೆದುಕೊಂಡ ಉಂಗುರ ಅದರಡಿ ಹೂತುಹೋಗುತ್ತದೆ. ಚಳಿಗಾಲದ ಬಿರುಗಾಳಿಯ ಅಲೆಗಳದ್ದು ಉಲ್ಟಾ ಕೆಲಸ. ಹಿಂದೆ ಸರಿಯುವಾಗ ಮರಳನ್ನೂ ಎಳೆದುಕೊಂಡು ಹೋಗುತ್ತವೆ. ಆದರೆ ಅಪ್ಪಟ ಚಿನ್ನ, ಅಷ್ಟೇ ಗಾತ್ರದ ಮರಳಿನ ಕಣಕ್ಕಿಂತ ಸುಮಾರು 7 ಪಟ್ಟು ಭಾರ. ಮರಳು ಹೋದರೂ ಅದು ಕಲ್ಲು, ಚಿಪ್ಪುಗಳ ಗಟ್ಟಿ ಪದರದ ಮೇಲೆ ಕೂತಿರುತ್ತದೆ. ಅನುಭವ ಇದ್ದವರು ಸುಮ್ನೆ ಎಲ್ಲ ಕಡೆ ಅಲೆಯುವುದಿಲ್ಲ. ಮರಳು ಕೊಚ್ಚಿ ಮೆಟ್ಟಿಲಿನಂತೆ ಕಡಿದ ಜಾಗ ನೋಡುತ್ತಾರೆ. ಅಲ್ಲಿ ಗಾಳದ ಸೀಸದ ಗುಂಡು, ತುಕ್ಕು ಹಿಡಿದ ಮೊಳೆ ಸಿಕ್ಕರೆ ಖುಷಿ: ಭಾರದ ವಸ್ತುಗಳು ಅಲ್ಲಿ ಒಟ್ಟಾಗಿವೆ ಅಂತ ಅರ್ಥ.

ನಮ್ಮ ಕಾರವಾರ, ಮಲ್ಪೆ ಕಡೆ ಇದೇ ಕೆಲಸವನ್ನು ಮುಂಗಾರು ಮಾಡುತ್ತದೆ. ಮಳೆಗಾಲ ಕಳೆದ ಮೇಲೆ ಮರಳು ನಿಧಾನವಾಗಿ ವಾಪಸ್ ಬರುತ್ತದೆ.

ಒಂದು ತೊಂದರೆ, ಚಳಿಗೆ ಬ್ಯಾಟರಿ ಬೇಗ ಇಳಿಯುತ್ತದೆ. ಜಾಸ್ತಿ ಒಂದನ್ನು ಒಳಜೇಬಿನಲ್ಲಿ ಬೆಚ್ಚಗೆ ಇಟ್ಟುಕೊಳ್ಳಲು ಅಣ್ಣನಿಗೆ ಹೇಳಿ. ಬಿರುಗಾಳಿ ನಿಂತ ಮೇಲೆ, ನೀರು ಇಳಿಯುವ ಹೊತ್ತಿಗೇ ಹೋಗಲಿ.